ನಫೀಸಮ್ಮನ ಪಾತಿಗೆ ಉಪ್ಪಿನ ಭಯ

ಡಿಸೆಂಬರಿನ ಮುಂಜಾವು. ಎರ್ಮಾಳಿನ ಮೋಹಿನಿಯವರ ಹಿತ್ತಲಿನಲ್ಲಿ ನಫೀಸಮ್ಮ ಹಾರೆಯನ್ನು ತೆಂಗಿನ ಮರಕ್ಕೆ ಒರಗಿಸಿ ಬಾವಿಕಟ್ಟೆಯ ಬಳಿ ನಿಂತಿದ್ದಾರೆ. ಸೊಸೆ ಸಬೀನಾ ಕೊಡಪಾನದಿಂದ ಬೊಗಸೆ ನೀರು ತೆಗೆದು ಬಾಯಿಗೆ ಹಾಕಿಕೊಳ್ಳುತ್ತಾಳೆ. ಅತ್ತೆಯ ಕಣ್ಣು ಸೊಸೆಯ ಮುಖದಿಂದ ಅಲುಗುವುದಿಲ್ಲ. ಅವರ ಕೆಲಸ ನೋಡಲು ಬಂದ ನಾನು ಪಕ್ಕದಲ್ಲಿದ್ದೇನೆ.

"ಮಾಮಿ, ಸ್ವಲ್ಪ ಉಪ್ಪು ಉಂಟು ಅನ್ನಿಸ್ತದೆ. ಇಲ್ಲದೆಯೂ ಇರಬಹುದು."

"ಸರಿಯಾಗಿ ನೋಡು ಮಗಳೇ. ಇನ್ನೊಮ್ಮೆ ಕುಡಿ."

ಮಳೆಗಾಲ ಮುಗಿದು ಬೆಳಗಿನ ಚಳಿ ಶುರುವಾದರೆ ಕಾಪು, ಎರ್ಮಾಳು, ಎಲ್ಲೂರಿನ ಮನೆಗಳಿಗೆ ನಫೀಸಮ್ಮ ಬೇಕು. ಮರಳು ಮಣ್ಣು ಅಗೆದು, ಕಸದೊಂದಿಗೆ ಸುಟ್ಟ ಸುಡುಮಣ್ಣು, ಹಟ್ಟಿಗೊಬ್ಬರ ಬೆರೆಸಿ, ಹರಿವೆ ಸೊಪ್ಪು, ಬೆಂಡೆ, ಅಲಸಂಡೆಗೆ ಪಾತಿ ಮಾಡಿ ಕೊಡುವುದು ಇಪ್ಪತ್ತು ವರ್ಷಗಳಿಂದ ಅವರ ಕಸುಬು. ಕಡಲ ಬದಿಯ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪು ನುಗ್ಗುತ್ತದೆ. ಯಾವ ಹಿತ್ತಲಿಗೆ ಯಾವ ಬೀಜ ಎಂಬುದನ್ನು ಅವರು ನೀರು ಬಾಯಿಗೆ ಹಾಕಿಕೊಂಡೇ ಹೇಳುತ್ತಿದ್ದರು.

ಕಳೆದ ವರ್ಷ ಜ್ವರ ಬಂತು. ಜ್ವರ ಬಿಟ್ಟಿತು, ಬಾಯಿಯ ರುಚಿ ಮರಳಲಿಲ್ಲ. "ಮೀನು ಸಾರಿಗೆ ಉಪ್ಪು ಹಾಕಿದ್ದು ನಾಲಿಗೆಗೆ ತಿಳಿಯದೆ ಇನ್ನೊಮ್ಮೆ ಹಾಕಿದೆ. ಮನೆಯವರೆಲ್ಲ ಮುಖ ಕಿವುಚಿದಾಗಲೇ ನನಗೆ ಗೊತ್ತಾದದ್ದು" ಎನ್ನುತ್ತಾರೆ. ಆದರೂ ಕೆಲಸದ ಮನೆಗಳಲ್ಲಿ ಯಾರಿಗೂ ಹೇಳಲಿಲ್ಲ. ಕೆಲಸ ತಪ್ಪೀತೆಂಬ ಹೆದರಿಕೆ. ಇದೇ ಬಾವಿಯ ನೀರನ್ನು ಬಾಯಿಗೆ ಹಾಕಿಕೊಂಡು "ಒಳ್ಳೆಯದುಂಟು" ಎಂದುಬಿಟ್ಟರು. ಮೋಹಿನಿಯವರ ಅಲಸಂಡೆ ಹೂ ಬಿಡುವ ಹೊತ್ತಿಗೆ ಉಪ್ಪು ನೀರಿಗೆ ಎಲೆಯ ಅಂಚು ಸುಟ್ಟು ಸಾಲಿಗೆ ಸಾಲೇ ಒಣಗಿತು.

"ಮೋಹಿನಿಯಕ್ಕ ಒಂದು ಮಾತು ಬೈಯಲಿಲ್ಲ. ಬೈದಿದ್ರೆ ನಿದ್ದೆಯಾದರೂ ಬರ್ತಿತ್ತೋ ಏನೋ."

ಈ ಚಳಿಗಾಲ ಅವರು ಪ್ರತಿ ಮನೆಯ ಗೇಟಿನಲ್ಲೇ ನಿಂತು ಹೇಳುತ್ತಾರೆ: "ನನ್ನ ನಾಲಿಗೆಗೆ ಉಪ್ಪು ತಿಳಿಯುವುದಿಲ್ಲ. ನೀರು ನೋಡುವುದು ನನ್ನ ಸೊಸೆ. ಬೇಕಾದ್ರೆ ಒಳಗೆ ಬರ್ತೇವೆ." ಕೆಲವರು ಕರೆಯುವುದನ್ನೇ ಬಿಟ್ಟರು. ಮೋಹಿನಿ ಕರೆದರು.

ಇಂದು ಮೋಹಿನಿಗೆ ಮತ್ತೆ ಅಲಸಂಡೆಯೇ ಬೇಕು. ಮಲ್ಪೆಯಲ್ಲಿ ಬೋಟಿಗೆ ಹೋಗುವ ಗಂಡನಿಗೆ ಅದರ ಪಲ್ಯ ಇಷ್ಟ. "ನಾವು ಇದೇ ನೀರು ಕುಡಿಯುವುದಲ್ವಾ? ಎಂತ ಆಗಿಲ್ಲ ಮಾರಾಯ್ತಿ" ಎನ್ನುತ್ತಾರೆ.

"ದಿನಾ ಕುಡಿಯುವವರಿಗೆ ತಿಳಿಯುವುದಿಲ್ಲ" ಎನ್ನುತ್ತಾಳೆ ಸಬೀನಾ, ಮೆಲ್ಲಗೆ. ಅವಳ ದನಿಯಲ್ಲೂ ಧೈರ್ಯವಿಲ್ಲ. ತಪ್ಪಿದರೆ ಈ ಸಲ ಹೆಸರು ಕೆಡುವುದು ಇಬ್ಬರದ್ದೂ.

ನಫೀಸಮ್ಮ ಬಾವಿಯೊಳಗೆ ಬಗ್ಗಿ ನೋಡುತ್ತಾರೆ. ಈ ವರ್ಷ ಮಳೆ ಬೇಗ ನಿಂತಿದೆ, ನೀರು ಆಗಲೇ ಕೆಳಗಿಳಿದಿದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಮೋಹಿನಿಯ ಕಡೆ ತಿರುಗುತ್ತಾರೆ.

"ಈಗಲೇ ಇವಳಿಗೆ ಅನುಮಾನ ಬಂದ್ರೆ ಕಾಯಿ ಬಿಡುವ ಹೊತ್ತಿಗೆ, ಫೆಬ್ರವರಿಗೆ, ಎಂತ ಗತಿ? ಅಲಸಂಡೆ ಬೇಡ ಅಕ್ಕ. ಹರಿವೆ ಹಾಕುವ. ನೀರು ಕೆಡುವ ಮೊದಲೇ ಕೊಯ್ದು ಆಗ್ತದೆ."

ಮೋಹಿನಿಯ ಮುಖ ಸಣ್ಣದಾಗುತ್ತದೆ. ಒಪ್ಪುತ್ತಾರೆ, ಮನಸ್ಸಿಲ್ಲದೆ. ಬಿಸಿಲು ಏರುವುದರೊಳಗೆ ಪಾತಿ ಸಿದ್ಧ. ಬೂದಿಯೊಂದಿಗೆ ಬೆರೆಸಿದ ಹರಿವೆ ಬೀಜ ಚೆಲ್ಲಿ, ಮೇಲೆ ತೆಂಗಿನ ಗರಿಯ ಒಣ ಮಡಲು ಮುಚ್ಚಿ ನೀರು ಚಿಮುಕಿಸುತ್ತಾರೆ. ಮುಂದಿನ ದಿನಗಳಲ್ಲಿ ಬೇರೆ ಮನೆಗೆ ಹೊರಟರೂ ನಫೀಸಮ್ಮನ ಕಾಲು ಮೊದಲು ಈ ಹಿತ್ತಲಿಗೇ ಬರುತ್ತದೆ. ಮಡಲು ಎತ್ತಿ ನೋಡುತ್ತಾರೆ, ಮುಚ್ಚುತ್ತಾರೆ. ಮೊಳಕೆ ಕಂಡ ಮೇಲೂ ಎಲೆಯ ಅಂಚನ್ನು ಬೆರಳಲ್ಲಿ ಸವರಿ ನೋಡುವುದು ನಿಲ್ಲುವುದಿಲ್ಲ.

ಜನವರಿಯ ಕೊನೆಗೆ ನಾನು ಮತ್ತೆ ಹೋದಾಗ ಮೋಹಿನಿ ಕುಡಿಯುವ ನೀರನ್ನು ಪಕ್ಕದ ಮನೆಯಿಂದ ಹೊತ್ತು ತರುತ್ತಿದ್ದಾರೆ. ಅವರ ಬಾವಿಯ ನೀರಿನಲ್ಲಿ ಈಗ ಯಾರ ಬಾಯಿಗೂ ತಿಳಿಯುವಷ್ಟು ಉಪ್ಪು. ಪಾತಿ ಖಾಲಿಯಾಗಿದೆ, ಹರಿವೆಯ ಕೊಯ್ಲು ಆಗಲೇ ಮುಗಿದಿದೆ. "ಎರಡು ವಾರ ಅದೇ ಪಲ್ಯ, ಅದೇ ಸಾರು" ಎಂದು ನಗುತ್ತಾರೆ ಮೋಹಿನಿ. "ಸಬೀನಾ ಹೇಳಿದ್ದು ಸರಿ."

ಎಲ್ಲೂರಿನ ಒಂದು ಹಿತ್ತಲಿನಲ್ಲಿ ಅಗೆಯುತ್ತಿದ್ದ ನಫೀಸಮ್ಮನಿಗೆ ಈ ಮಾತು ತಲುಪಿಸುತ್ತೇನೆ. ಅವರು ಮೊದಲು ಸೊಸೆಯ ಕಡೆ ನೋಡುತ್ತಾರೆ, ಆಮೇಲೆ ನನ್ನ ಕಡೆ. ಇನ್ನಾದರೂ ಹೆದರಿಕೆ ಹೋಯಿತೇ ಎಂದು ಕೇಳುತ್ತೇನೆ.

"ಎಲ್ಲಿ ಹೋಗ್ತದೆ? ಹೆದರಿಕೆ ಉಂಟು. ಕಳೆದ ವರ್ಷ ಹೆದರಿ ಮುಚ್ಚಿಟ್ಟೆ. ಈ ವರ್ಷ ಹೇಳಿಯೇ ಹಾರೆ ಹಿಡಿದದ್ದು."