ವಡೆ ಹಾರದ ಹರಕೆ ಮತ್ತು ಆ ಊರಿನ ಕೈಪಂಪು

ಗುರುವಾರ ಮಧ್ಯಾಹ್ನ ಹುಣಸೆಹಣ್ಣು ಹಚ್ಚಿ ದೇವರ ದೀಪಗಳನ್ನು ತಿಕ್ಕುತ್ತಿದ್ದೆ. ಫೋನು ಬಂತು. ಕೈಯೆಲ್ಲ ಹುಳಿಯಾಗಿತ್ತು, ಕಿರುಬೆರಳಿನಿಂದ ಒತ್ತಿ ಸ್ಪೀಕರಿಗೆ ಹಾಕಿದೆ.

"ಪ್ರಾಜೆಕ್ಟು ನಿಂತೋಯ್ತು ಕಣೇ," ಅಂದರು ನಮ್ಮ ಯಜಮಾನರು. "ದುಡ್ಡು ಕೊಡೋ ದೇಶದೋರು ಇನ್ಮೇಲೆ ಕೊಡಲ್ವಂತೆ. ಭಾನುವಾರಕ್ಕೆ ನನ್ನ ಟಿಕೆಟ್ ಕಳಿಸಿದಾರೆ."

ಅವರು ನಮ್ಮ ಕಡೆಯ ಹಳ್ಳಿಗಳಿಗೆಲ್ಲ ಬೋರ್‌ವೆಲ್ ಕೈಪಂಪು ಹಾಕಿಸುತ್ತಲೇ ನಿವೃತ್ತರಾದವರು. ಆಮೇಲೆ ಆಫ್ರಿಕಾದ ಒಂದು ಬಡ ದೇಶದಿಂದ ಕರೆ ಬಂತು. ಯೂರೋಪಿನ ಒಂದು ದೇಶದ ಹಣ, ನಮ್ಮ ದೇಶದ ಪಂಪು, ಅದನ್ನು ಕಲಿಸಲು ನಮ್ಮ ಕಡೆಯವರು, ಹೀಗೆ ಮೂರು ದೇಶ ಸೇರಿ ಮಾಡುವ ಕೆಲಸ. ಪಂಪು ಹಾಕಿ ಫೋಟೊ ತೆಗೆಸಿಕೊಂಡು ಬಂದರೆ ಆಗಲಿಲ್ಲ. ಕೆಟ್ಟಾಗ ಊರಿನ ಹೆಂಗಸರೇ ಬಿಚ್ಚಿ ಸರಿಮಾಡಿಕೊಳ್ಳುವಂತೆ ಕಲಿಸಬೇಕು. ಇಲ್ಲದಿದ್ದರೆ ಅದು ದನ ಕಟ್ಟುವ ಕಂಬವಾಗುತ್ತದೆ ಎನ್ನುತ್ತಿದ್ದರು.

ಮಳೆಗಾಲದಲ್ಲಿ ಅವರಿಗೆ ಅಲ್ಲಿ ಮಲೇರಿಯಾ ಬಂತು. ಇಲ್ಲಿ ವಿಜಯನಗರದ ಮನೆಯಲ್ಲಿ ಒಬ್ಬಳೇ ಕೂತು ನಾನು ಮಾಡುವುದೇನು? ಬೀದಿ ಕೊನೆಯ ಆಂಜನೇಯನ ಮುಂದೆ ನಿಂತು ಹರಕೆ ಹೊತ್ತೆ. ಹೇಗಾದರೂ ಮಾಡಿ ಬೇಗ ಕಳಿಸಿಬಿಡಪ್ಪ, ವಡೆ ಹಾರ ಹಾಕಿಸುತ್ತೇನೆ ಎಂದೆ. ಜ್ವರ ಬಿಟ್ಟಿತು, ಅದು ಅವನ ಕರುಣೆ. ಅಷ್ಟಕ್ಕೆ ತೃಪ್ತಿಪಟ್ಟುಕೊಳ್ಳಬಹುದಿತ್ತು. ಆದರೂ ಪ್ರತಿ ಶನಿವಾರ ಹೋಗಿ ನೆನಪು ಮಾಡಿ ಬರುತ್ತಿದ್ದೆ.

ಅವರ ಹತ್ತಿರ ಪಂಪಿನ ಕೆಲಸ ಕಲಿಯುತ್ತಿದ್ದ ಒಬ್ಬಾಕೆಯನ್ನು ವಿಡಿಯೋ ಕಾಲಿನಲ್ಲಿ ನೋಡಿದ್ದೆ. ನನ್ನದೇ ವಯಸ್ಸಿರಬಹುದು. ಅವಳ ಮಾತು ನನಗೆ ಬಾರದು, ನನ್ನದು ಅವಳಿಗೆ. ನಮ್ಮವರು ನಡುವೆ ಅರೆಬರೆ ತಿಳಿಸುತ್ತಿದ್ದರು. ಒಮ್ಮೆ ನಮ್ಮ ಅಡುಗೆಮನೆಯ ನಲ್ಲಿ ನೋಡಬೇಕು ಎಂದಳಂತೆ. ತಿರುಗಿಸಿ ತೋರಿಸಿದೆ.

"ಸಾಕು, ನಿಲ್ಲಿಸು ಅಂತಿದಾಳೆ," ಅಂದರು. "ನೀರು ಸುಮ್ನೆ ಹೋಗ್ತಿದೆಯಂತೆ."

ನಾಚಿಕೆಯಾಗಿ ನಿಲ್ಲಿಸಿದೆ. ಅವಳು ನಕ್ಕು ಇನ್ನೇನೋ ಕೇಳಿದಳು. "ಇವ್ರು ನಮ್ಮನ್ನ ಬೈಯೋ ಹಾಗೆ ನಿಮ್ಮನ್ನೂ ಬೈತಾರಾ ಅಂತ ಕೇಳ್ತಿದಾಳೆ ನೋಡು."

"ಈ ಮನೇಲಿ ಬೈಯೋದು ನಾನು ಅಂತ ಹೇಳಿ," ಅಂದೆ.

ಆ ಗುರುವಾರ ಮಧ್ಯಾಹ್ನದ ಫೋನಿನಲ್ಲೂ ನಮ್ಮವರು ಅವಳ, ಅವಳ ಜೊತೆ ಕಲಿಯುವವರ ಮಾತೇ ಎತ್ತಿದರು. "ಅವ್ರು ಪಂಪು ಬಿಚ್ತಾರೆ, ವಾಷರ್ ಹಾಕಿ ಮತ್ತೆ ಕೂಡಿಸೋಕೆ ಬರಲ್ಲ. ಎರಡು ವಾರ ಇದ್ರೆ ಕಲ್ತುಬಿಡ್ತಾರೆ. ಟಿಕೆಟ್ ಮುಂದಕ್ಕೆ ಹಾಕ್ಸಿದ್ರೆ ಆಗುತ್ತೆ, ಸಂಬಳ ಸಿಗಲ್ಲ ಅಷ್ಟೆ. ಜೀಪು ಹೊರಡ್ತಾ ಇದೆ. ಹತ್ತಲಾ, ಉಳ್ಕೊಳ್ಳಲಾ? ನೀನೇ ಹೇಳು."

"ಹತ್ತಿ," ಅಂದೆ. "ಸುಮ್ನೆ ಹತ್ತಿಬಿಡಿ."

ಅವರು ಸರಿ ಅಂದು ಇಟ್ಟುಬಿಟ್ಟರು.

ಸಂತೋಷ ತಡೆಯದೆ ಎದುರು ಮನೆಯವರಿಗೆ ಗೇಟಿನಿಂದಲೇ ಸುದ್ದಿ ಹೇಳಿದೆ.

"ನೋಡಿದ್ರಾ, ದೇವರನ್ನ ಪೀಡಿಸಿ ಪೀಡಿಸಿ ಕರೆಸ್ಕೊಂಡ್ರಿ," ಅಂದರು ಆಕೆ. "ಶನಿವಾರಾನೇ ಹಾರ ಹಾಕಿಸಿ. ನಂಗೂ ನಾಲ್ಕು ವಡೆ ಎತ್ತಿಟ್ಟಿರಿ."

ನಗುತ್ತಾ ಒಳಗೆ ಬಂದೆ. ಕೈಮುಗಿಯೋಣವೆಂದು ದೇವರ ಮುಂದೆ ನಿಂತರೆ ಹರಕೆಯ ಮಾತೇ ನೆನಪಾಯಿತು. ಹೇಗಾದರೂ ಮಾಡಿ ಎಂದು ನಾನೇ ಕೇಳಿದ್ದೆ. ಅವರು ಕೆಲಸ ಮುಗಿಸಿ ಬರಲಿ ಎಂದು ಒಂದು ಶನಿವಾರವೂ ಕೇಳಿರಲಿಲ್ಲ. ಈಗ ಆ ಪಂಪು ಕೆಟ್ಟರೆ ಅವಳು ಮತ್ತೆ ಕೊಡ ಹೊತ್ತು ಹಳ್ಳದ ಕೆಸರುನೀರಿಗೆ ಹೋಗಬೇಕು. ಓಡಿಬಂದು ಫೋನು ಮಾಡಿದೆ. ಸಿಗಲಿಲ್ಲ. ಮತ್ತೆ ಮತ್ತೆ ಮಾಡಿದೆ. ಆ ದಾರಿಯಲ್ಲಿ ಸಿಗ್ನಲ್ ಇರುವುದಿಲ್ಲವೆಂದು ನನಗೆ ಗೊತ್ತಿತ್ತು.

ದೀಪ ಹಚ್ಚುವ ಹೊತ್ತು ದಾಟಿದ ಮೇಲೆ ಅವರೇ ಮಾಡಿದರು, ಆ ದೇಶದ ರಾಜಧಾನಿಯಿಂದ.

"ಎರಡು ವಾರ ಇದ್ದು, ಕಲಿಸಿ ಬನ್ನಿ," ಅಂದೆ.

"ಈಗ ಹೇಳ್ತೀಯಲ್ಲೇ. ಜೀಪು ಆಫೀಸಿಗೆ ಒಪ್ಪಿಸಾಯ್ತು. ಆ ಊರಿಗೆ ಬಸ್ಸಿದ್ಯಾ, ಏನಿದೆ? ಮುಗೀತು ಬಿಡು."

ಹರಕೆಯ ವಿಷಯ ಹೇಳಿಬಿಟ್ಟೆ. ಅವರು ನಕ್ಕರು. "ಓಹೋ, ಯೂರೋಪಿನ ತನಕ ಹೋಗಿ ದುಡ್ಡು ನಿಲ್ಲಿಸಿ ಬಂದನಾ ನಿನ್ನ ಆಂಜನೇಯ? ಸಮುದ್ರ ಹಾರೋದು ಅವನಿಗೆ ಅಭ್ಯಾಸಾನೇ." ನಾನು ನಗಲಿಲ್ಲವೆಂದು ಗೊತ್ತಾಗಿ ದನಿ ತಗ್ಗಿಸಿದರು. "ಹುಚ್ಚಿ, ನಿಲ್ಲಿಸಿದ್ದು ಆ ಯೂರೋಪಿನೋರು ಕಣೇ. ನಿನ್ನದೇನಿದೆ ಅದರಲ್ಲಿ?"

"ದುಡ್ಡು ನಿಲ್ಲಿಸಿದ್ದು ಅವರು. ಜೀಪು ಹತ್ತಿ ಅಂದಿದ್ದು ನಾನು."

ಊಟ ಆಯ್ತಾ ಎಂದು ಅವರು ಮಾತು ತಿರುಗಿಸಿದರು.

"ಅವಳೇನಂದ್ಲು?" ಎಂದು ಕೇಳಿದೆ.

"ಮತ್ತೆ ಯಾವಾಗ ಬರ್ತೀರ ಅಂದ್ಲು."

"ನೀವು?"

"ಹೆಂಡ್ತಿ ಕಾಯ್ತಿದಾಳೆ ಅಂದೆ. ಹೋಗಿ, ಹೋಗಿ ಅಂತ ಅವಳೇ ಬ್ಯಾಗು ಎತ್ತಿ ಜೀಪಿಗೆ ಹಾಕಿದ್ಲು. ನನ್ನ ಸ್ಪ್ಯಾನರೆಲ್ಲ ಅಲ್ಲೇ ಬಿಟ್ಟು ಬಂದೆ. ಪ್ರಯತ್ನಪಡ್ಲಿ," ಅಂದರು.

ಅಷ್ಟಾದರೂ ಆಯಿತಲ್ಲ ಎಂದುಕೊಂಡೆ. ಅವರ ಜೀವಕ್ಕೆ ಏನೂ ಆಗಲಿಲ್ಲ, ಅದೂ ದೊಡ್ಡದೇ. ದೇವರಿಗೆ ಕೊಟ್ಟ ಮಾತು, ವಡೆ ಹಾರ ಹಾಕಿಸಲೇಬೇಕು. ಆದರೆ ಹಾಕಿಸುವಾಗ ಅವನ ಮುಖ ಹೇಗೆ ನೋಡುವುದು ಎಂಬುದು ನನಗೆ ತಿಳಿಯಲಿಲ್ಲ.

ಮನೆಯಲ್ಲಿ ಸಾರಿನ ಪುಡಿ ಮುಗಿದಿತ್ತು. ಅವರು ಬರುವಷ್ಟರಲ್ಲಿ ಹೊಸದು ಮಾಡಿಡಬೇಕು. ಮೊರದ ತುಂಬ ಒಣಮೆಣಸಿನಕಾಯಿ ಸುರಿದುಕೊಂಡು ತೊಟ್ಟು ಬಿಡಿಸಲು ಕೂತೆ.