ನೀಲಿ ಗಿಡಕ್ಕೆ ಎಣ್ಣೆಸ್ನಾನ

ತಪ್ಪು ನನ್ನದೇ. ನಮ್ಮ ಮನೆಯ ಮುಂದಿನ ಗಿಡ್ಡ ಬ್ಲೂ ಸ್ಪ್ರೂಸ್ ಎಂಬ ಸೂಜಿಯೆಲೆಯ ಗಿಡದ ನೀಲಿ ಬಣ್ಣವನ್ನು ಕೈಯಾರೆ ತೊಳೆದು ಹಾಕಿದವನು ನಾನು. ಅದೂ ಎಣ್ಣೆ ಹಚ್ಚಿ, ಸೀಗೆಪುಡಿ ಉಜ್ಜಿ.

ಗಿಡ ಅವ್ವನದು. ಊರು ಬಿಟ್ಟು ಈ ಚಳಿದೇಶದ ಎಜ್‌ವೇರ್‌ಗೆ ಬಂದಮೇಲೆ ಅವಳ ಮೂರು ತುಳಸಿಗಳು ಚಳಿಗೆ ಸತ್ತವು. ನಾಲ್ಕನೆಯದನ್ನು ತರದೆ, ಚಳಿಗೆ ಅಂಜದ್ದನ್ನೇ ತರುತ್ತೇನೆಂದು ಹಟ ಹಿಡಿದು ನರ್ಸರಿಯಿಂದ ಇದನ್ನು ಹೊತ್ತು ತಂದಳು. ಎಷ್ಟು ವರ್ಷವಾದರೂ ಅವಳ ಎದೆಮಟ್ಟ ದಾಟದ ಜಾತಿ. ಹಿಮ ಬಿದ್ದರೂ ಬಗ್ಗದು. ಅಪ್ಪನಿಗೆ ಮಾತ್ರ ಆ ಜಾಗದಲ್ಲಿ ಗಿಡ ಕಾಣುತ್ತಿರಲಿಲ್ಲ, ಎರಡನೆಯ ಕಾರು ಕಾಣುತ್ತಿತ್ತು.

ನರಕ ಚತುರ್ದಶಿಯ ಬೆಳಿಗ್ಗೆ ಅವ್ವ ಆರತಿ ಮಾಡಿ ನಮ್ಮ ತಲೆಗೆ ಎಣ್ಣೆ ಒತ್ತುತ್ತಾಳೆ, ಅಪ್ಪನ ನುಣ್ಣನೆಯ ನೆತ್ತಿಗೂ. ಅಂದು ಉಳಿದ ಎಣ್ಣೆಬಟ್ಟಲು ಹಿಡಿದು ನಾನು ಗಿಡದ ಬಳಿ ಹೋಗಿ, ಅವ್ವನ ಧ್ವನಿಯಲ್ಲೇ ಬಾರೋ ರಾಜಾ, ತಲಿ ಬಗ್ಗಸು ಎಂದು ಆಟ ಕಟ್ಟಿದೆ. ಅವ್ವ ಕಿಟಕಿಯಲ್ಲಿ ನಗುತ್ತಿದ್ದಳು. ನಗುವವರು ಸಿಕ್ಕರೆ ನನಗೆ ನಿಲ್ಲಿಸಲು ಬರುವುದಿಲ್ಲ. ಸೂಜಿಯೆಲೆಗಳ ಮೇಲಿನ ಬೂದಿಯನ್ನು ರಸ್ತೆಯ ಧೂಳೆಂದುಕೊಂಡು ಬುಡದಿಂದ ತುದಿಯವರೆಗೆ ತಿಕ್ಕಿದೆ. ಆ ಬೂದಿಯೇ ನೀಲಿ, ಎಲೆಯ ಮೇಲಿನ ಮೇಣ, ಒಮ್ಮೆ ಹೋದರೆ ಆ ಎಲೆಗೆ ಮತ್ತೆ ಬಾರದು ಎಂದು ಫೋನಿನಲ್ಲಿ ಓದಿದ್ದು ಮಧ್ಯಾಹ್ನ. ಅಷ್ಟರಲ್ಲಿ ಗಿಡ ಕ್ಷೌರ ಮಾಡಿಸಿಕೊಂಡು ಬಂದವನಂತೆ ಪೆಚ್ಚಾಗಿ, ಬರೀ ಹಸಿರಾಗಿ ನಿಂತಿತ್ತು.

ಅಪ್ಪ ದುಃಖ ನಟಿಸಿದರು. ನಾನು ಅದಕ್ಕಿಂತ ಚೆನ್ನಾಗಿ ನಟಿಸುತ್ತೇನೆ. ಬಣ್ಣ ಹೋದ ಗಿಡ ಸತ್ತಂತೆಯೇ ಎಂದು ತೀರ್ಪು ಕೊಟ್ಟು, ಮುಂದಿನ ಮೇ ತಿಂಗಳಲ್ಲಿ, ಕಾರು ನಿಲ್ಲಿಸುವ ಜಾಗಕ್ಕೆ ಕಲ್ಲು ಹಾಸುವವನನ್ನು ಅಳತೆಗೆ ಕರೆಸಿದರು.

ಅವನು ಬಂದಾಗ ನಾನು ಕುರ್ಚಿ ತಂದು ಗಿಡಕ್ಕೆ ಒತ್ತಿ ಕುಳಿತಿದ್ದೆ. ಏಳುವುದಿಲ್ಲ ಎಂದೆ. ಯಾರ ಧ್ವನಿಯನ್ನೂ ಕದಿಯದೆ ನನ್ನದರಲ್ಲೇ ಹೇಳಿದೆ, ಸ್ವಲ್ಪ ಕೀರಲಾಗಿತ್ತು. ಸೂಜಿಗಳು ಬೆನ್ನಿಗೆ ಚುಚ್ಚುತ್ತಿದ್ದವು. ಗಿಡ ಇನ್ನೂ ನನ್ನನ್ನು ಕ್ಷಮಿಸಿರಲಿಲ್ಲ. ಅವ್ವ ಬಂದು ಇನ್ನೊಂದು ಪಕ್ಕ ನಿಂತು, ಕೊಂಬೆಗಳ ತುದಿಯಲ್ಲಿ ಒಡೆದಿದ್ದ ಹೊಸ ಚಿಗುರನ್ನು ತೋರಿಸಿದಳು. ಅಚ್ಚ ನೀಲಿ.

ಅಪ್ಪ ಬಗ್ಗಿ ನೋಡಿದರು. "ತುದಿಗಷ್ಟ ಬಂದದ. ಉಳದದ್ದೆಲ್ಲಾ ಹೋಗೇದಲ್ಲ, ಇದನ್ನ ಇಟಗೊಂಡ ಏನ್ ಮಾಡೂದು?"

ಅವ್ವ ಕಲ್ಲಿನವನ ಕೈಗೆ ಚಹಾ ಕೊಟ್ಟಳು. ಆಮೇಲೆ, ಬಗ್ಗಿದ್ದ ಅಪ್ಪನ ನೆತ್ತಿ ಬಿಸಿಲಿಗೆ ಹೊಳೆಯುವುದನ್ನು ನಿಧಾನವಾಗಿ ನೋಡಿ ಹೇಳಿದಳು:

"ನಿಮ್ಮ ತಲಿಮ್ಯಾಲಿಂದು ಹೋಗಿ ಹನ್ನೆರಡ ವರ್ಷಾತ್ರಿ. ತುದಿಗೂ ಬಂದಿಲ್ಲ. ನಿಮ್ಮನ್ನ ಕಿತ್ತ ಒಗದೇವೇನು?"