ಪೇಪರ್ ಕಪ್ಪು ಮತ್ತು ದೊಡ್ಡವ್ವನ ಕನ್ನಡ

ಇವತ್ತು ಬೆಳಿಗ್ಗೆ ನಮ್ಮ ವಿಶ್ವವಿದ್ಯಾಲಯದ ಸಭಾಂಗಣದ ಹೊರಗೆ ನನ್ನ ಕೈಗೊಂದು ಪೇಪರ್ ಕಪ್ಪು ಬಂತು. ಬಿಸಿ ಕಾಫಿ ಬಿದ್ದ ಕೂಡಲೇ ಅದರಿಂದ ಒದ್ದೆ ರಟ್ಟಿನ ಒಂದು ವಾಸನೆ ಏಳುತ್ತದಲ್ಲ, ಅದು ಮೂಗಿಗೆ ಬಡಿದರೆ ಸಾಕು, ನನಗೆ ನಗು ಬರುತ್ತದೆ. ಪಕ್ಕದಲ್ಲಿದ್ದ ಕೆಮಿಸ್ಟ್ರಿ ಮೇಡಂ ಏನಾಯಿತೆಂದು ತಮಿಳಿನಲ್ಲಿ ಕೇಳಿದರು. ಏನಿಲ್ಲ ಅಂದೆ. ನಮ್ಮ ಮನೆಯ ಮಾನ ಹೋದ ಕಥೆಯನ್ನು ಸಹೋದ್ಯೋಗಿಗಳಿಗೆ ಹೇಳುವುದುಂಟೇ? ನಿಮಗಾದರೆ ಹೇಳುತ್ತೇನೆ, ನೀವು ದೂರದವರು.

ನಾನು ಶರವಣಂಪಟ್ಟಿ ಕಡೆಯ ಈ ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಹುಟ್ಟಿದ್ದು ಮಡತ್ತುಕುಳಂ ಹತ್ತಿರದ ಒಂದು ನೇಕಾರರ ಬೀದಿಯಲ್ಲಿ. ನಮ್ಮದು ಕನ್ನಡದ ಮನೆ. ನಮ್ಮ ಹಿರಿಯರು ಯಾವ ಕಾಲದಲ್ಲಿ ಮಗ್ಗ ಹೊತ್ತುಕೊಂಡು ಇತ್ತ ಬಂದರೋ, ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಕಟ್ಟುತ್ತಾರೆ. ಅಂಗಡಿಗೆ, ಶಾಲೆಗೆ, ಜಗಳಕ್ಕೆ ತಮಿಳು. ಹೊಸಿಲು ದಾಟಿ ಒಳಗೆ ಬಂದರೆ ಕನ್ನಡ. ಓದಲು ಬರೆಯಲು ಮಾತ್ರ ಯಾರಿಗೂ ಬಾರದು. ನಾನು ಈ ಅಕ್ಷರ ಕಲಿತದ್ದು ಕೆಲಸಕ್ಕೆ ಸೇರಿದ ಮೇಲೆ, ಯಾರೂ ಮುಟ್ಟದ ಕನ್ನಡ ಕಪಾಟಿನ ಧೂಳು ಹೊಡೆಯುತ್ತಾ. ಇವತ್ತಿಗೂ ದೊಡ್ಡ ಒತ್ತಕ್ಷರ ಎದುರಾದರೆ ಸ್ವಲ್ಪ ನಿಂತು ಉಸಿರು ತೆಗೆದುಕೊಂಡೇ ಮುಂದೆ ಹೋಗುವುದು.

ಓದಲು ಬಾರದಿದ್ದರೇನು, ಆ ಭಾಷೆಯಿಂದ ನಮಗೊಂದು ಭಾರೀ ಅನುಕೂಲವಿತ್ತು. ಎದುರಿಗೆ ಕೂತವರ ಬಗ್ಗೆ ಎದುರಿಗೇ ಮಾತಾಡಬಹುದಿತ್ತು. ಈ ವಿದ್ಯೆಯಲ್ಲಿ ನನ್ನ ದೊಡ್ಡವ್ವನನ್ನು ಮೀರಿಸುವವರು ಬೀದಿಯಲ್ಲೇ ಇರಲಿಲ್ಲ. ದೊಡ್ಡವ್ವ ಅಂದರೆ ನನ್ನ ಅಪ್ಪನ ಅಣ್ಣನ ಹೆಂಡತಿ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಅಮ್ಮಿಣಿ ಅಂತ ಕರೆದು ಸಾಕಿದವಳು, ಸ್ವಂತ ಮಕ್ಕಳಿಲ್ಲದವಳು. ಮನೆಗೆ ಬಂದವರಿಗೆ ನಗುನಗುತ್ತಾ ತಮಿಳಿನಲ್ಲಿ 'ವಾಂಗ, ವಾಂಗ' ಅನ್ನುವಳು. ಅದೇ ನಗುವಿನಲ್ಲಿ ನನ್ನ ಕಡೆ ತಿರುಗಿ, "ಬಂದ್ಳು ನೋಡು, ಇನ್ನು ಊಟದ ಹೊತ್ತಾದ್ರೂ ಏಳಲ್ಲ" ಅನ್ನುವಳು. ಬಂದವರು ಅದನ್ನೂ ಉಪಚಾರವೆಂದೇ ತಿಳಿದು ಕೈ ಮುಗಿಯುತ್ತಿದ್ದರು.

ಇನ್ನು ವೇಲು ವಾದ್ಯಾರರ ವಿಷಯಕ್ಕೆ ಬರುತ್ತೇನೆ. ವಾದ್ಯಾರ್ ಅಂದರೆ ನಮ್ಮ ಕಡೆ ಮೇಷ್ಟ್ರು. ಅವರದು ಹೆದ್ದಾರಿಯ ಆಚೆಗಿನ ಕಾಲೋನಿ, ಅಂದರೆ ದಲಿತರ ಕೇರಿ. ಅಲ್ಲಿಯ ಜನ ನಮ್ಮಂಥ ಬೀದಿಗಳಿಗೆ ಬಂದರೆ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆಯಬೇಕಿದ್ದ ಕಾಲದಲ್ಲಿ, ಈ ಮನುಷ್ಯ ಕಾಲಿಗೆ ಚಪ್ಪಲಿ ಹಾಕಿಕೊಂಡೇ ನಡೆದರು. ಟೀ ಅಂಗಡಿಯಲ್ಲಿ ಊರವರಿಗೊಂದು ಲೋಟ, ಕಾಲೋನಿಯವರಿಗೊಂದು ಲೋಟ ಇತ್ತು. ಎಲ್ಲರಿಗೂ ಒಂದೇ ಲೋಟ ಆಗುವವರೆಗೆ ಅಂಗಡಿಗಳ ಮುಂದೆ ಕೂತರು. ಏಟು ತಿಂದರು, ಜೈಲಿಗೂ ಹೋಗಿಬಂದರು. ಉಳಿದ ಹೊತ್ತಿನಲ್ಲಿ ಹುಣಸೆ ಮರದಡಿ, ಬಸ್ ನಿಲ್ದಾಣದಲ್ಲಿ, ತೆಂಗಿನಕಾಯಿ ಮಂಡಿಯ ಅಂಗಳದಲ್ಲಿ, ಎಲ್ಲಿ ಜಾಗ ಕೊಟ್ಟರೆ ಅಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಹೇಳಿದರು. ನಮ್ಮ ಬೀದಿ ಅವರಿಗೆ ಒಂದು ಜಗಲಿಯನ್ನೂ ಬಿಟ್ಟುಕೊಡಲಿಲ್ಲ.

ಅವರು ತೀರಿಕೊಂಡ ಮೇಲೆ ನಮ್ಮ ವಿಶ್ವವಿದ್ಯಾಲಯ ಅವರ ಹುಟ್ಟುಹಬ್ಬವನ್ನು ಆಚರಿಸತೊಡಗಿತು. ಆ ದಿನ ರಜೆ ಇಲ್ಲ. ವಿದ್ಯಾರ್ಥಿಗಳು ಹಳ್ಳಿಗಳಿಗೆ ಹೋಗಿ ಯಾರಿಗಾದರೂ ಏನಾದರೂ ಕಲಿಸಬೇಕು, ಯಾರಿಂದಾದರೂ ಏನಾದರೂ ಕಲಿಯಬೇಕು. ಒಮ್ಮೆ ಒಬ್ಬ ಹುಡುಗಿ ಉಡುಮಲೈಪೇಟೆಯ ಕಡೆ ಹೋಗಿ, ಕಡಲೆಕಾಯಿ ಬಿಡಿಸುವ ಹೆಂಗಸರಿಗೆ ಫೋನಿನಲ್ಲಿ ಬಸ್ಸಿನ ವೇಳೆ ನೋಡುವುದನ್ನು ಕಲಿಸಿ, ತಾನು ಸತ್ತವರ ಮುಂದೆ ಒಪ್ಪಾರಿ ಹಾಡಿ ಅಳುವುದನ್ನು ಕಲಿತು ಬಂದಿದ್ದಳು. ಹಾಸ್ಟೆಲಿನಲ್ಲಿ ಅದನ್ನು ಅಭ್ಯಾಸ ಮಾಡಿ ವಾರ್ಡನ್ನರ ಎದೆ ಬಡಿತ ಏರಿಸಿದಳು. ಹೋಗಲಿ, ಅದು ಬೇರೆ ಕಥೆ.

ಆಮೇಲೆ ಪ್ರತಿಮೆಯ ಮಾತು ಬಂತು. ವಾದ್ಯಾರರ ಹೆಂಡತಿ ಅರುಕ್ಕಾಣಿಯಮ್ಮನನ್ನು ಸಭೆಗೆ ಕರೆಸಿ ಕೇಳಿದರು. ಆಕೆ ಕಲ್ಲು ಬೇಡ ಅಂದರು. ನೇಕಾರರ ಬೀದಿಯಲ್ಲಿ ಪಾಠ ಹೇಳಲು ತಮ್ಮ ಮನೆಯವರು, ಅಂದರೆ ವಾದ್ಯಾರರು, ಒಂದು ತಿಣ್ಣೆ ಕೇಳಿದ್ದರು, ಕೊನೆಯವರೆಗೂ ಸಿಗಲಿಲ್ಲ. ಅಲ್ಲಿ ಅವರ ಹೆಸರಿನಲ್ಲಿ ಒಂದು ಓದುಮನೆ ಮಾಡಿ, ಬೀದಿಯ ಮಕ್ಕಳೂ ಕಾಲೋನಿಯ ಮಕ್ಕಳೂ ಒಟ್ಟಿಗೆ ಕೂರಲಿ, ಅದಾಗದಿದ್ದರೆ ಏನೂ ಬೇಡ ಅಂದರು. ತಿಣ್ಣೆ ಅಂದರೆ ಮನೆ ಮುಂದಿನ ಜಗಲಿ. ಮೂಲೆಯಲ್ಲಿ ಕೂತಿದ್ದ ನಾನು ಇದ್ದಕ್ಕಿದ್ದಂತೆ, "ನಮ್ಮ ಮನೆಯಲ್ಲಿ ತಿಣ್ಣೆ ಇದೆ" ಎಂದುಬಿಟ್ಟೆ. ಮನೆ ದೊಡ್ಡವ್ವನದು, ನಾಲಗೆ ಮಾತ್ರ ನನ್ನದು!

ಒಂದು ಭಾನುವಾರ ಅರುಕ್ಕಾಣಿಯಮ್ಮ, ಒಬ್ಬ ಪ್ರೊಫೆಸರ್ ಮತ್ತು ನಾನು ಹೋದೆವು. ದೊಡ್ಡವ್ವನಿಗೆ ಮೊದಲೇ ಫೋನು ಮಾಡಿದ್ದೆ. ಆಕೆಗೆ ಅರುಕ್ಕಾಣಿಯಮ್ಮ ಹೊಸಬರೇನಲ್ಲ. ಮದುವೆಗೆ ಮುಂಚೆ ಅವರು ಕಾಲೋನಿಯಿಂದ ಬಂದು ನಮ್ಮದೇ ಹಿತ್ತಲಿನ ಚಪ್ಪರದಡಿ ಕೂತು, ಮಗ್ಗದ ಲಾಳಿಗೆ ಹಾಕುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದವರು. ವಾದ್ಯಾರರನ್ನು ಮದುವೆಯಾದ ಮೇಲೆ ಈ ಬೀದಿಗೆ ಕಾಲಿಟ್ಟಿರಲಿಲ್ಲ. "ಬರ್ಲಿ, ನೋಡಾಣ" ಅಂದಿದ್ದಳು ದೊಡ್ಡವ್ವ. ಆಕೆ ಒಪ್ಪದಿದ್ದರೆ ವಾದ್ಯಾರರ ಓದುಮನೆ ಅಲ್ಲಿಗೇ ಮುಗಿಯಿತು. ಬೀದಿಯಲ್ಲಿ ಬೇರಾರೂ ಬಾಗಿಲು ತೆರೆಯುವವರಿರಲಿಲ್ಲ.

ತಿಣ್ಣೆಯ ಮೇಲೆ ಪ್ಲಾಸ್ಟಿಕ್ ಕುರ್ಚಿಗಳು ಬಂದವು. 'ವಾಂಗ, ವಾಂಗ' ಆಯಿತು. ಕಾಫಿಯೂ ಬಂತು, ಮೂವರಿಗೂ ಪೇಪರ್ ಕಪ್ಪಿನಲ್ಲಿ. ನಮ್ಮ ಮನೆಯಲ್ಲಿ ಪೇಪರ್ ಕಪ್ಪು! ನಾನು ಕಣ್ಣು ಬಿಟ್ಟು ನೋಡುತ್ತಿದ್ದಂತೆ ದೊಡ್ಡವ್ವ ತನ್ನ ಮಧುರವಾದ ನಗೆ ಬೀರಿ ನನ್ನ ಜೊತೆ ಕನ್ನಡದಲ್ಲಿ ಶುರುಮಾಡಿದಳು: "ಎಲ್ಲಾರ್ಗೂ ಕಪ್ಪಲ್ಲೇ ಕೊಟ್ಬಿಟ್ಟೆ ಅಮ್ಮಿಣಿ, ಅವಳೊಬ್ಳಿಗೇ ಬೇರೆ ಕೊಟ್ಟೆ ಅಂತ ಯಾರೂ ಒಂದು ಮಾತು ಹೇಳಂಗಿಲ್ಲ. ಸೂರು ಸೋರುತ್ತೆ, ಮಕ್ಕಳಿಗೆ ಆಗಲ್ಲ ಅಂತೇಳಿ ನೈಸಾಗಿ ಕಳಿಸ್ಬಿಡು. ನಾಳೆ ಬೀದಿಯವ್ರಿಗೆ ಮುಖ ತೋರ್ಸೋಳು ನಾನು."

ಪ್ರೊಫೆಸರಿಗೆ ಕನ್ನಡ ಬಾರದು. ಅವರು ತಲೆದೂಗಿ ನಕ್ಕರು. ಅರುಕ್ಕಾಣಿಯಮ್ಮ ನಗಲಿಲ್ಲ. ಸೂರನ್ನೊಮ್ಮೆ ನೋಡಿ, ನಮ್ಮ ಮನೆಯದೇ ಕನ್ನಡದಲ್ಲಿ, ನಮ್ಮದೇ ರಾಗದಲ್ಲಿ ಹೇಳಿದರು: "ಸೂರು ಸೋರಲ್ಲಮ್ಮಾ. ಆವತ್ತು ದೊಡ್ಡ ಮಳೆ ಬಂದಾಗ ನಿಮ್ಮತ್ತೆ ನೂಲನ್ನ ಒಳಗಿಟ್ಟು ನನ್ನ ಇಲ್ಲಿ ನಿಲ್ಸಿದ್ರಲ್ಲ. ಒಂದು ಹನೀನೂ ಬೀಳ್ಲಿಲ್ಲ."

ಅಯ್ಯೋ, ಆ ಕ್ಷಣ ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ದೊಡ್ಡವ್ವನ ನಗು ಮುಖದ ಮೇಲೆಯೇ ಸಿಕ್ಕಿಹಾಕಿಕೊಂಡಿತ್ತು.

"ನಿನಗೆ ನಮ್ಮ ಮಾತು ಬರುತ್ತಾ?" ಎಂದಳು ಕೊನೆಗೆ.

"ಅಷ್ಟು ವರ್ಷ ಹಿತ್ತಲಲ್ಲಿ ಕೂತಿದ್ದೆನಲ್ಲಮ್ಮಾ. ಕೈಗೆ ಕೆಲಸ ಇತ್ತು, ಕಿವಿ ಸುಮ್ನೆ ಇತ್ತು."

ದೊಡ್ಡವ್ವ ಕಂಬ ಹಿಡಿದು ಕೂತಳು. ಬೈದದ್ದು, ಆಡಿಕೊಂಡದ್ದು ಎಲ್ಲ ನೆನಪಿಗೆ ಬಂದಿರಬೇಕು ಅಂದುಕೊಂಡೆ. ಆದರೆ ಆಕೆ ಕೇಳಿದ್ದು ಬೇರೆಯೇ. "ಹಂಗಾದ್ರೆ... ಆ ಮಗೂದೂ?"

"ಅದೂ ಕೇಳ್ದೆ. ಯಾರ್ಗೂ ಹೇಳ್ಲಿಲ್ಲ. ನಮ್ಮ ಮನೆಯವ್ರಿಗೂ ಹೇಳ್ಲಿಲ್ಲ."

ನನಗೆ ಗೊತ್ತೇ ಇರದ ಸಂಗತಿ ಅದು. ದೊಡ್ಡವ್ವನಿಗೊಂದು ಗಂಡು ಮಗು ಹುಟ್ಟಿ, ಹೆಸರಿಡುವ ಮುಂಚೆಯೇ ಹೋಗಿತ್ತು. ಮನೆಯಲ್ಲಿ ಕಣ್ಣೀರು ಹಾಕಬಾರದೆಂದು ಅತ್ತೆಯ ಕಟ್ಟಪ್ಪಣೆ. ಅದಕ್ಕೇ ಹಿತ್ತಲಿಗೆ ಬಂದು, ಭಾಷೆ ತಿಳಿಯದ ಹುಡುಗಿಯ ಮುಂದೆ ಕೂತು, ಆ ಮಗುವಿನ ಜೊತೆ ಕನ್ನಡದಲ್ಲಿ ಮಾತಾಡಿ ಅಳುತ್ತಿದ್ದಳಂತೆ.

"ನಮ್ಮ ಮಾತು ಬರುತ್ತೆ ಅಂತ ಯಾಕೆ ಹೇಳ್ಲಿಲ್ಲ ನೀನು?"

"ಹೇಳಿದ್ರೆ ಆಮೇಲೆ ಎಲ್ಲೋಗಿ ಅಳ್ತಿದ್ರಿ?" ಅರುಕ್ಕಾಣಿಯಮ್ಮ ಕೈಯಲ್ಲಿದ್ದ ಕಪ್ಪನ್ನು ನೋಡಿದರು. "ನಿಮ್ಮ ಜೊತೆ ನಾನೂ ಅಳ್ತಿದ್ದೆ. ಆದ್ರೂ ನೀವು ನನಗೆ ಕಾಫಿನ ತೆಂಗಿನ ಕರಟಕ್ಕೇ ಮೇಲಿಂದ ಹೊಯ್ತಿದ್ರಿ. ಅದು ಈಗ್ಲೂ ನೋಯುತ್ತೆ. ಇದೂ ನೋಯುತ್ತೆ."

ದೊಡ್ಡವ್ವ ಎದ್ದು ಬಂದು ಆ ಕಪ್ಪನ್ನು ಕಿತ್ತುಕೊಂಡು ಒಳಗೆ ನಡೆದಳು. ಮುಗಿಯಿತು, ಇನ್ನು ಬಾಗಿಲು ಹಾಕುತ್ತಾಳೆ ಅಂದುಕೊಂಡೆ. ಪಾತ್ರೆಗಳ ಸದ್ದಾಯಿತು. ಹೊರಗೆ ಬಂದಾಗ ಆಕೆಯ ಕೈಯಲ್ಲಿ ಒಂದು ಲೋಟವಿತ್ತು. ತವರಿನಿಂದ ತಂದದ್ದು, ಅಂಚಿನಲ್ಲಿ ಆಕೆಯ ಹೆಸರು ಕೆತ್ತಿದ್ದು. ಸಾಕಿದ ನನಗೂ ಅದರಲ್ಲಿ ಒಂದು ದಿನವೂ ಕುಡಿಯಲು ಕೊಟ್ಟವಳಲ್ಲ. ಅರುಕ್ಕಾಣಿಯಮ್ಮನ ಕೈಗೆ ಅದನ್ನು ಇಟ್ಟು, ಆ ಕೈಯನ್ನು ಹಾಗೇ ಹಿಡಿದುಕೊಂಡಳು.

"ತಿಣ್ಣೆ ಕೊಡಲ್ಲ" ಅಂದಳು. "ಮಳೆಗಾಲದಲ್ಲಿ ಇಲ್ಲಿ ಎರಚಲು ಹೊಡೆಯುತ್ತೆ. ಮಗ್ಗದ ಮನೆ ಸುಮ್ನೆ ಬಿದ್ದಿದೆ. ಮಕ್ಕಳು ಒಳಗೇ ಕೂತ್ಕೊಳ್ಳಲಿ." ಇಷ್ಟು ಕನ್ನಡದಲ್ಲಿ ಹೇಳಿದವಳು ಬೀದಿಯ ಕಡೆ ತಿರುಗಿ, ಅದನ್ನೇ ಮತ್ತೆ ತಮಿಳಿನಲ್ಲಿ, ಎದುರು ಮನೆಯ ಕಿಟಕಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

ಬೀದಿ ಸುಮ್ಮನಿರಲಿಲ್ಲ. ಕೆಲವರು ದೊಡ್ಡವ್ವನನ್ನು ಬಸುರಿಗೆ ಬಳೆ ತೊಡಿಸುವ ವಳೆಕಾಪಿಗೆ ಕರೆಯಲಿಲ್ಲ, ಕೆಲವರು ಮಾತು ಬಿಟ್ಟರು. ಆಕೆ ಅತ್ತದ್ದೂ ಉಂಟು, ನನಗೆ ಫೋನು ಮಾಡಿ ಬೈದದ್ದೂ ಉಂಟು. ಆದರೆ ಮಗ್ಗದ ಮನೆಯ ಬಾಗಿಲು ಹಾಕಲಿಲ್ಲ. ಪರೀಕ್ಷೆ ಹತ್ತಿರ ಬಂದಾಗ ನಮ್ಮ ವಿದ್ಯಾರ್ಥಿಗಳು ಲೆಕ್ಕದ ಪಾಠ ಶುರುಮಾಡಿದರು ನೋಡಿ, ಮಾತು ಬಿಟ್ಟವರ ಮಕ್ಕಳೂ ಒಬ್ಬೊಬ್ಬರಾಗಿ ಬಂದು ಕಾಲೋನಿಯ ಮಕ್ಕಳ ಪಕ್ಕ ಚಾಪೆಯ ಮೇಲೆ ಕೂತರು. ದೊಡ್ಡವ್ವನ ದೂರು ಈಗ ಒಂದೇ: "ಕಾಲೋನಿ ಮಕ್ಕಳೂ ಕನ್ನಡ ಕಲ್ತ್ಬಿಟ್ಟವಲ್ಲೇ! ಇನ್ನು ನಾನು ಯಾವ ಭಾಷೇಲಿ ಬೈಯ್ಲಿ?"

ಇವತ್ತು ವಾದ್ಯಾರರ ಹುಟ್ಟುಹಬ್ಬ. ಅರುಕ್ಕಾಣಿಯಮ್ಮ ಬರಬೇಕಿತ್ತು, ಕಾಣಲಿಲ್ಲ. ಪೇಪರ್ ಕಪ್ಪು ಹಿಡಿದೇ ದೊಡ್ಡವ್ವನಿಗೆ ಫೋನು ಮಾಡಿದೆ.

"ಅವಳಿಗೆ ಜ್ವರ. ನಾನು ಅವಳ ಮನೇಲೇ ಇದ್ದೀನಿ."

"ಕಾಲೋನಿಗೆ ಹೋದ್ಯಾ ದೊಡ್ಡವ್ವ?"

"ಮತ್ತೆ? ರಸ್ತೆ ದಾಟಿದ್ರೆ ಬಂತು. ಇಷ್ಟು ಹತ್ರ ಅಂತ ನನಗೆ ಇಷ್ಟು ದಿನ ಗೊತ್ತೇ ಇರ್ಲಿಲ್ಲ ಅಮ್ಮಿಣಿ." ಮತ್ತೆ ಅವಳೇ, "ಅವಳ ಸೊಸೆ ಕಾಫಿ ಕೊಟ್ಟಳು" ಅಂದಳು.

ನನಗೆ ಕೇಳಲೂ ಭಯ. "ಕುಡಿದ್ಯಾ?"

"ಕುಡಿದೆ." ಆಮೇಲೆ ದನಿ ತಗ್ಗಿಸಿ, ಹಳೆಯ ಅಭ್ಯಾಸ ಬಿಡುತ್ತದೆಯೇ, "ಸಕ್ಕರೆ ಜಾಸ್ತಿ" ಅಂದಳು.

ಹಿಂದಿನಿಂದ ಜ್ವರದ ದನಿಯೊಂದು ಕನ್ನಡದಲ್ಲೇ ಬಂತು: "ಕೇಳಿಸ್ತು ಅಕ್ಕಾ!"

ನನಗೆ ನಗುವೂ ಅಳುವೂ ಒಟ್ಟಿಗೇ ಬಂತು. ಏನಾಯಿತೆಂದು ಕೆಮಿಸ್ಟ್ರಿ ಮೇಡಂ ಮತ್ತೆ ಕೇಳಿದರು. ಈ ಸಲ ಏನಿಲ್ಲ ಅನ್ನಲಿಲ್ಲ. ಅವರನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ತೆಂಗಿನ ಕರಟದಿಂದ ಹಿಡಿದು ಎಲ್ಲವನ್ನೂ ತಮಿಳಿನಲ್ಲಿ ಹೇಳಿದೆ.